ವಿಮಾ ಪರಿಹಾರ ನಿರಾಕರಣೆ: ವರ್ತಕನಿಗೂ ಉಂಟು ನ್ಯಾಯದ ದಾರಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ, ರಬ್ಬರ್ ವ್ಯಾಪಾರಸ್ಥರಿಗೆ ಗೋದಾಮಿನ ವಿಮೆಯೇ ಆಪತ್ಕಾಲದ ಆಸರೆ. ಆದರೆ ಕ್ಲೇಮು ತಿರಸ್ಕೃತವಾದಾಗ, ‘ವ್ಯಾಪಾರಿಯು ಗ್ರಾಹಕನಲ್ಲ’ ಎಂಬ ತಪ್ಪು ಗ್ರಹಿಕೆಯಿಂದ ಮೌನ ವಹಿಸುವವರುಂಟು.

ಗುಜರಾತಿನ 2002ರ ಗಲಭೆಯಲ್ಲಿ ಬೆಂಕಿಯಿಂದ ನಷ್ಟ ಹೊಂದಿದ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಈ ಸಂದೇಹವನ್ನು ನಿವಾರಿಸಿದೆ. ವಿಮೆಯ ಉದ್ದೇಶ ನಷ್ಟಭರ್ತಿಯೇ ಹೊರತು ಲಾಭಗಳಿಕೆಯಲ್ಲ. ಆದುದರಿಂದ ವಾಣಿಜ್ಯ ಸಂಸ್ಥೆಯೂ ಗ್ರಾಹಕನೇ. ಸರ್ವೇಯರ್ ವರದಿಯು ಅಂತಿಮವಲ್ಲವೆಂದು ಅದೇ ನ್ಯಾಯಾಲಯ 2009ರಲ್ಲಿಯೇ ಹೇಳಿತ್ತು.

ಮೊದಲು ಕಂಪೆನಿಗೆ ಲಿಖಿತ ಆಕ್ಷೇಪ ಸಲ್ಲಿಸಬೇಕು. ಅದು ತಿರಸ್ಕೃತವಾದಲ್ಲಿ ಏಕಮಾಲಿಕರೂ ಸೂಕ್ಷ್ಮ ಉದ್ಯಮಿಗಳೂ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ರನ್ನು ಶುಲ್ಕವಿಲ್ಲದೆ ಸಮೀಪಿಸಬಹುದು. ಅಥವಾ ವ್ಯಾಜ್ಯಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸಬಹುದು. 2019ರ ಕಾಯಿದೆಯನ್ವಯ ಇಲ್ಲಿ ಗಣನೆಗೆ ಬರುವುದು ಕ್ಲೇಮಿನ ಮೊತ್ತವಲ್ಲ, ಪಾವತಿಸಿದ ಪ್ರೀಮಿಯಂ. ಅದು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಆದರೆ ಕಾನೂನು ದಾಖಲೆಯಿಲ್ಲದವನ ಕೈ ಹಿಡಿಯದು. ದಾಸ್ತಾನು ಪುಸ್ತಕ, ಜಿಎಸ್‌ಟಿ ವಿವರಣೆ ಮತ್ತು ಬ್ಯಾಂಕಿಗೆ ಕೊಟ್ಟ ದಾಸ್ತಾನು ಪಟ್ಟಿ ಪರಸ್ಪರ ತಾಳೆಯಾಗಿರಲಿ. ‘ಪೂರ್ಣ ಮತ್ತು ಅಂತಿಮ’ ಎಂಬ ರಶೀದಿಗೆ ಸಹಿ ಹಾಕುವ ಮುನ್ನ, ಒಪ್ಪಿಗೆಯಿಲ್ಲದಿದ್ದರೆ, ಆಕ್ಷೇಪವನ್ನು ಲಿಖಿತವಾಗಿ ದಾಖಲಿಸುವುದೇ ವಿವೇಕ.