ನೊರೆ ಬಾರದ ರಕ್ತ

ಆಯನೂರಿನ ಪ್ರೌಢಶಾಲೆಯ ವಿದ್ಯಾರ್ಥಿಯು ಈ ಪ್ರಯೋಗಕ್ಕಾಗಿ ಶಿವಮೊಗ್ಗೆಯವರೆಗೆ ಹೋಗಬೇಕಾದುದಿಲ್ಲ. ಗಾಯ ತೊಳೆಯಲು ಔಷಧದ ಅಂಗಡಿಯಲ್ಲಿ ಮಾರುವ ಹೈಡ್ರೊಜನ್ ಪೆರಾಕ್ಸೈಡು ಒಂದಿಷ್ಟು, ಅಡಿಗೆಮನೆಯ ಆಲೂಗೆಡ್ಡೆ ಒಂದು, ಇಷ್ಟು ಸಾಕು. ಹಸಿಯ ಹೋಳಿನ ಮೇಲೆ ನಾಲ್ಕು ಹನಿ ಹಾಕಿದೊಡನೆ ಬಿಳಿಯ ನೊರೆ ಉಕ್ಕುವುದು. ಬೇಯಿಸಿ ಆರಿಸಿದ ಹೋಳಿನ ಮೇಲೆ ಹಾಕಿದರೆ ಏನೂ ಆಗದು. ನೊರೆಯಲ್ಲಿರುವುದು ಆಮ್ಲಜನಕ, ಅದನ್ನು ಬಿಡಿಸಿದುದು ಕ್ಯಾಟಲೇಸು ಎಂಬ ಕಿಣ್ವ. ಬೇಯಿಸಿದಾಗ ಆ ಕಿಣ್ವ ಕೆಟ್ಟುಹೋಗುವುದು.

ನಮ್ಮ ರಕ್ತದಲ್ಲಿಯೂ ಯಕೃತ್ತಿನಲ್ಲಿಯೂ ಕ್ಯಾಟಲೇಸು ಹೇರಳವಾಗಿದೆ. ನಾವು ಉಸಿರಾಡಿದ ಆಮ್ಲಜನಕದಲ್ಲಿ ಒಂದು ಅಲ್ಪಭಾಗವು ದಾರಿ ತಪ್ಪಿ ಮೊದಲು ಸೂಪರಾಕ್ಸೈಡಾಗಿಯೂ ಅನಂತರ ಪೆರಾಕ್ಸೈಡಾಗಿಯೂ ಮಾರ್ಪಟ್ಟು ಜೀವಕೋಶವನ್ನು ಕೆಡಿಸಬಲ್ಲದು. ಈ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕಗಳಾಗಿ ಒಡೆಯುವುದೇ ಕ್ಯಾಟಲೇಸಿನ ಕೆಲಸ. ಇಂಥ ಕಾವಲುಗಾರನಿಲ್ಲದೆ ಪ್ರಾಣಿಯು ಬದುಕಬಲ್ಲುದೆ?

ಇದಕ್ಕೆ ಉತ್ತರ ಆಕಸ್ಮಿಕವಾಗಿ ದೊರೆಯಿತು. 1946ರಲ್ಲಿ ಜಪಾನಿನ ಒಕಯಾಮದ ವೈದ್ಯ ಶಿಗೆಓ ತಕಹಾರ ಅವರು ಬಾಯಿಯ ಹುಣ್ಣು ಕೊಳೆತಿದ್ದ ಬಾಲಕಿಯೊಬ್ಬಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಗಾಯಕ್ಕೆ ಪೆರಾಕ್ಸೈಡು ಹಾಕಿದರು. ನೊರೆ ಬರಲಿಲ್ಲ, ರಕ್ತ ಕಪ್ಪಿಟ್ಟಿತು. ಅವಳ ರಕ್ತದಲ್ಲಿ ಕ್ಯಾಟಲೇಸು ಇರಲಿಲ್ಲ! ಒಡಹುಟ್ಟಿದವರಲ್ಲಿಯೂ ಕೆಲವರು ಹೀಗೆಯೇ ಇದ್ದರು. ಮುಂದೆ ಕಂಡುಬಂದ ಇಂಥ ಕುಟುಂಬಗಳಲ್ಲಿ ಅನೇಕ ಕಡೆ ತಂದೆತಾಯಿಗಳು ರಕ್ತಸಂಬಂಧಿಗಳು. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ಮದುವೆಯಾಗುವ ರೂಢಿ ಇರುವ ನಮ್ಮ ನಾಡಿನವರಿಗೆ ಇದರ ಲೆಕ್ಕಾಚಾರ ತಿಳಿದಿರುವುದು ಒಳ್ಳೆಯದು. ಕೆಟ್ಟ ಜೀನು ಒಂದೇ ಇದ್ದರೆ ಕಿಣ್ವ ಸುಮಾರು ಅರ್ಧಕ್ಕಿಳಿಯುವುದು, ಆದರೆ ಆ ಮನುಷ್ಯನಿಗೆ ಏನೂ ತೊಂದರೆ ಕಾಣದು. ಒಂದೇ ಪೂರ್ವಜನಿಂದ ಇಳಿದುಬಂದ ಎರಡು ಪ್ರತಿಗಳು ಮಗುವಿನಲ್ಲಿ ಕೂಡಿದರೆ ಮಾತ್ರ ಕಿಣ್ವವು ಹೆಚ್ಚುಕಡಿಮೆ ಇಲ್ಲವಾಗುವುದು.

ಮನುಷ್ಯರನ್ನು ಬೇಕಾದಂತೆ ಕೂಡಿಸಿ ಪರೀಕ್ಷಿಸುವಂತಿಲ್ಲ, ಇಲಿಗಳನ್ನು ಪರೀಕ್ಷಿಸಬಹುದು. ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯ ಫೈನ್‌ಸ್ಟೈನ್ ಮತ್ತು ಸಂಗಡಿಗರು ಕ್ಷ-ಕಿರಣಗಳಿಗೆ ಒಡ್ಡಿದ ಇಲಿಗಳ ಸಂತತಿಯ ರಕ್ತವನ್ನು ಒಂದೊಂದಾಗಿ ಪರೀಕ್ಷಿಸಿ, ಕ್ಯಾಟಲೇಸಿಲ್ಲದ ಇಲಿಗಳನ್ನು 1964ರಲ್ಲಿ ವರ್ಣಿಸಿದರು. ಎಂಥ ತಾಳ್ಮೆಯ ಕೆಲಸ! ಇಲಿಯಲ್ಲಿ ಈ ಕಿಣ್ವದ ಜೀನು ಎರಡನೆಯ ವರ್ಣತಂತುವಿನಲ್ಲಿದೆ. ಐನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಈ ಸರಪಳಿಯಲ್ಲಿ ಹನ್ನೊಂದನೆಯದು ಮಾತ್ರ ಬದಲಾಗಿ, ಗ್ಲೂಟಮೀನಿನ ಸ್ಥಾನದಲ್ಲಿ ಹಿಸ್ಟಿಡೀನು ಬಂದಿದೆಯೆಂಬುದು 1990ರಲ್ಲಿ ಗೊತ್ತಾಯಿತು.

ವಿಚಿತ್ರವೆಂದರೆ, ಆ ಇಲಿಗಳ ರಕ್ತದಲ್ಲಿ ಕಿಣ್ವವು ಬಹಳ ಕಡಮೆಯಾಗಿದ್ದರೂ ಯಕೃತ್ತಿನಲ್ಲಿ ನಷ್ಟ ಅಷ್ಟಿಲ್ಲ. ಜೀನು ಎರಡು ಕಡೆಯೂ ಒಂದೇ ತಾನೆ? ಹೌದು, ಆದರೆ ಬದಲಾದ ಕಿಣ್ವವು ಬೇಗ ಸವೆಯುವಂಥದು. ಯಕೃತ್ತಿನ ಕೋಶವು ಸವೆದುದರ ಬದಲು ಹೊಸದನ್ನು ತಯಾರಿಸುತ್ತಲೇ ಇರುವುದು. ಕೆಂಪು ರಕ್ತಕಣವಾದರೋ ಪಕ್ವವಾಗುವಾಗಲೇ ತನ್ನ ಕೋಶಕೇಂದ್ರವನ್ನು ಕಳೆದುಕೊಂಡಿರುವುದರಿಂದ ಹಳೆಯ ದಾಸ್ತಾನಿನಲ್ಲಿಯೇ ದಿನ ನೂಕಬೇಕು.

ಅಷ್ಟಾದರೂ ಆ ಇಲಿಗಳು ಆರೋಗ್ಯವಾಗಿಯೇ ಬೆಳೆದುವು. 2004ರಲ್ಲಿ ಕ್ಯಾಟಲೇಸಿನ ಜೀನನ್ನೇ ಪೂರ್ಣವಾಗಿ ಕೆಡಿಸಿದ ಇಲಿಗಳೂ ಸಹಜವಾಗಿ ಬೆಳೆದುವೆಂದು ವರದಿಯಾಯಿತು. ಪೆರಾಕ್ಸೈಡನ್ನು ಕಳೆಯುವ ಬೇರೆ ಕಿಣ್ವಗಳೂ ದೇಹದಲ್ಲಿವೆ. ಹಾಗಾದರೆ ಕಾವಲುಗಾರರೆಲ್ಲ ಅನಾವಶ್ಯಕರೆಂದು ತಿಳಿಯಬೇಡಿರಿ. ಜೀವಕೋಶದ ಶಕ್ತಿಗೃಹವಾದ ಮೈಟೊಕಾಂಡ್ರಿಯದಲ್ಲಿ ಸೂಪರಾಕ್ಸೈಡನ್ನು ಕಳೆಯುವ ಕಿಣ್ವವೊಂದುಂಟು. ಅದರ ಜೀನನ್ನು ಕೆಡಿಸಿ 1995ರಲ್ಲಿ ಪಡೆದ ಇಲಿಮರಿಗಳು ಹೃದಯ ಹಿಗ್ಗಿ, ಹುಟ್ಟಿದ ಹತ್ತು ದಿನಗಳೊಳಗೇ ಸತ್ತುವು. ಇದೇ ಕಿಣ್ವವಿಲ್ಲದ ಬೇರೊಂದು ತಳಿಯ ಮರಿಗಳು ಇನ್ನೂ ಕೆಲವು ದಿನ ಬದುಕಿದುವು. ತಳಿಯ ಉಳಿದ ಜೀನುಗಳೂ ಫಲವನ್ನು ಬದಲಿಸಬಲ್ಲವು.

ಕಿಣ್ವ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಕ್ಯಾಟಲೇಸಿನ ಸಹಜವಾದ ನೆಲೆ ಪೆರಾಕ್ಸಿಸೋಮು ಎಂಬ ಸಣ್ಣ ಚೀಲಗಳು. ಅದನ್ನು ಮೈಟೊಕಾಂಡ್ರಿಯಕ್ಕೆ ಕಳುಹಿಸುವಂತೆ ಜೀನನ್ನು ತಿದ್ದಿದ ಇಲಿಗಳ ಆಯುಸ್ಸು ಸುಮಾರು ಐದು ತಿಂಗಳು ಹೆಚ್ಚಿತೆಂದು 2005ರಲ್ಲಿ ಪ್ರಕಟವಾಯಿತು. ಪ್ರಯೋಗಶಾಲೆಯ ಇಲಿಯ ಬಾಳು ಎರಡು ಎರಡೂವರೆ ವರ್ಷವಷ್ಟೆ.