ಎರಡು ಸಲ ಕೆಲಸ ಕಳೆದುಕೊಂಡ ಆನೆಗಳು

2020ರ ಏಪ್ರಿಲ್ ಮುಗಿಯುತ್ತ ಬಂದಿತ್ತು. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಪ್ರಾಂತ್ಯದ ಮ್ಯಾ ವಾಂಗ್‌ನಿಂದ ಹನ್ನೊಂದು ಆನೆಗಳು ಬೆಟ್ಟದ ದಾರಿ ಹಿಡಿದವು. ಸುಮಾರು 150 ಕಿಲೋಮೀಟರ್ ನಡೆದು ಮ್ಯಾ ಚೆಮ್ ಕಡೆಯ, ಕರೆನ್ ಎಂಬ ಬೆಟ್ಟದ ಜನರ ಒಂದು ಹಳ್ಳಿ ಸೇರಿದವು. ಊರವರು ಹಬ್ಬದ ಸಂಭ್ರಮದಲ್ಲಿ ಬರಮಾಡಿಕೊಂಡರು. ಆ ದಿನಗಳಲ್ಲಿ ಹೀಗೆ ಪ್ರವಾಸಿ ಶಿಬಿರ ಬಿಟ್ಟು ಊರಿಗೆ ನಡೆದ ಆನೆಗಳು ನೂರಕ್ಕೂ ಹೆಚ್ಚು. ಟಾರು ರಸ್ತೆಯಲ್ಲಿ ಸಾಲಾಗಿ ಹೋಗುತ್ತಿದ್ದ ಅವುಗಳ ವಿಡಿಯೋ ಜಗತ್ತನ್ನೆಲ್ಲ ಸುತ್ತಿತು. ಲಾಕ್‌ಡೌನಿನಲ್ಲಿ ಮನೆಯಲ್ಲಿ ಕೂತಿದ್ದ ನಮಗೂ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಕೆಳಗೆ ಒಕ್ಕಣೆ: ಪ್ರಕೃತಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತಿದೆ.

ಆ ಒಕ್ಕಣೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಲ್ಲಿ ನಡೆದಿದ್ದು ಪ್ರಕೃತಿಯ ರಿಪೇರಿಯಲ್ಲ, ಮೇವಿಗೆ ದುಡ್ಡಿಲ್ಲದವರ ಗುಳೆ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಒಂದೂವರೆ ಕ್ವಿಂಟಲಿಗೂ ಹೆಚ್ಚು ಮೇವು ಬೇಕು. ಮೇವು, ಮಾವುತನ ಸಂಬಳ ಎಲ್ಲ ಸೇರಿ ಆನೆಯೊಂದಕ್ಕೆ ದಿನದ ಖರ್ಚು ಅಲ್ಲಿನ ಹಣದಲ್ಲಿ ಸಾವಿರ ಬಾತ್ ಆಸುಪಾಸು. ಪ್ರವಾಸಿ ಬಂದರೆ ಆ ಹಣ ಹುಟ್ಟುತ್ತಿತ್ತು. ಪ್ರವಾಸಿ ನಿಂತ, ಆನೆ ನಡೆಯಿತು.

ಆ ಆನೆಗಳು ಶಿಬಿರಕ್ಕೆ ಬಂದದ್ದಾದರೂ ಹೇಗೆ? ಬೆನ್ನ ಮೇಲೆ ಕುರ್ಚಿ ಕಟ್ಟಿಸಿಕೊಂಡು ಪರದೇಶದವರನ್ನು ಹೊರುವುದು ಸಯಾಮಿನ, ಅಂದರೆ ಹಳೆಯ ಥಾಯ್ಲೆಂಡಿನ, ಪುರಾತನ ಸಂಪ್ರದಾಯ ಎಂದು ಪ್ರವಾಸದ ಪುಸ್ತಿಕೆಗಳು ಹೇಳುತ್ತವೆ. 1917ರವರೆಗೆ ಆ ದೇಶದ ಬಾವುಟದಲ್ಲಿ ಬಿಳಿ ಆನೆ ಇತ್ತು, ರಾಜರು ಆನೆಯ ಮೇಲೆ ಕೂತು ಯುದ್ಧ ಮಾಡಿದ್ದರು, ಎಲ್ಲ ನಿಜ. ಆದರೆ ಉತ್ತರದ ಬೆಟ್ಟಗಳಲ್ಲಿ ಆನೆಯ ಕಸುಬು ಬೇರೆಯೇ ಆಗಿತ್ತು: ತೇಗ ಎಳೆಯುವುದು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರಿಟಿಷ್ ಕಂಪನಿಗಳು ಚಿಯಾಂಗ್ ಮಾಯ್, ಲಂಪಾಂಗ್ ಕಾಡುಗಳಿಗೆ ಇಳಿದವು. ಅವುಗಳಲ್ಲಿ ಒಂದು ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್. ಇದೇ ಕಂಪನಿಯ ತಕರಾರನ್ನು ನೆಪ ಮಾಡಿಕೊಂಡು ಬ್ರಿಟಿಷರು 1885ರಲ್ಲಿ ಬರ್ಮಾದ ಮೇಲೆ ಮೂರನೆಯ ಯುದ್ಧ ಹೂಡಿದ್ದರು. ಕೊಡಗಿನವರಿಗೆ ಈ ಹೆಸರು ಅಪರಿಚಿತವಲ್ಲ, ಅಲ್ಲಿ ಅದಕ್ಕೆ ಕಾಫಿ ತೋಟಗಳಿದ್ದವು. ತೇಗ ಕಡಿದು ಬೀಳಿಸಿದ ಮೇಲೆ ದಿಮ್ಮಿಯನ್ನು ಇಳಿಜಾರಿನಲ್ಲಿ ಎಳೆದು ಹಳ್ಳಕ್ಕೆ ತರುವುದು ಆನೆಯ ಕೆಲಸ. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ದಿಮ್ಮಿ ತೇಲಿ ಪಿಂಗ್, ವಾಂಗ್, ಯೋಮ್, ನಾನ್ ನದಿಗಳನ್ನು ಹಾದು ಚಾವೊ ಫ್ರಾಯಾ ಸೇರಿ ಬ್ಯಾಂಕಾಕ್ ಮುಟ್ಟಬೇಕು. ಮಳೆ ಕೈಕೊಟ್ಟರೆ ಒಂದೇ ದಿಮ್ಮಿ ವರ್ಷಗಟ್ಟಲೆ ದಾರಿಯಲ್ಲಿ ಬಿದ್ದಿರುತ್ತಿತ್ತು. ಕರೆನ್ ಜನ ಈ ಕೆಲಸದಲ್ಲಿ ಪಳಗಿದರು. ಒಂದು ಆನೆಯನ್ನು ಹಲವು ಮನೆಗಳು ಪಾಲಿನಲ್ಲಿ ಸಾಕುವುದೂ ಅವರಲ್ಲಿ ಉಂಟು. ಆನೆ ದುಡಿದದ್ದು ಎಲ್ಲ ಮನೆಗೂ ಹಂಚಿಕೆ.

ಮುಂದಿನ ಕೆಲವು ದಶಕಗಳನ್ನು ಹಾರಿಸುತ್ತೇನೆ. ಲಾರಿ ಬಂತು, ರಸ್ತೆ ಬಂತು, ಕಾಡು ಕರಗಿತು. 1960ರಲ್ಲಿ ಸುರಿನ್ ಪ್ರಾಂತ್ಯದಲ್ಲಿ ಪ್ರವಾಸಿಗರಿಗೆಂದು ಆನೆ ಮೇಳ ಶುರುವಾಯಿತು. ಅಲ್ಲಿನ ಕುಯಿ ಜನ ಎಮ್ಮೆ ಚರ್ಮದ ಹಗ್ಗದಿಂದ ಕಾಡಾನೆ ಹಿಡಿಯುವುದರಲ್ಲಿ ನಿಸ್ಸೀಮರಾಗಿದ್ದರು. ಹಗ್ಗಕ್ಕೇ ಪೂಜೆ ಸಲ್ಲಿಸುವವರು. 1976ರಲ್ಲಿ ಚಿಯಾಂಗ್ ಮಾಯ್ ಹತ್ತಿರ ಮ್ಯಾ ಸಾ ಆನೆ ಶಿಬಿರ ಬಂತು. ಆದರೂ ಹೆಚ್ಚಿನ ಆನೆಗಳು ಇನ್ನೂ ನಾಟಾದ ಕೆಲಸದಲ್ಲೇ ಇದ್ದವು.

ಎಲ್ಲವನ್ನೂ ಬದಲಿಸಿದ್ದು ಒಂದು ಮಳೆ. 1988ರ ನವೆಂಬರಿನಲ್ಲಿ, ಉತ್ತರದಲ್ಲಲ್ಲ, ಬಲು ದೂರದ ದಕ್ಷಿಣದಲ್ಲಿ, ನಖೋನ್ ಸಿ ತಮ್ಮರಾತ್ ಪ್ರಾಂತ್ಯದಲ್ಲಿ ಸುರಿದ ಮಳೆ. ಅಲ್ಲಿನ ಗುಡ್ಡಗಳಲ್ಲಿ ಕಾಡು ಕಡಿದು ರಬ್ಬರ್ ಹಾಕಿದ್ದರು. ಗುಡ್ಡ ಜಾರಿತು. ಮಣ್ಣಿನ ಜೊತೆ ಕಡಿದಿಟ್ಟ ದಿಮ್ಮಿಗಳೂ ಉರುಳಿ ಬಂದು ಕಥುನ್ ಎಂಬ ಊರನ್ನು ಹುಗಿದುಹಾಕಿದವು. ಸತ್ತವರು ನೂರಾರು ಮಂದಿ. ಊರ ಮೇಲೆ ರಾಶಿ ಬಿದ್ದ ಮರಗಳ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ಜನ ಕೆರಳಿದರು. ಪ್ರಧಾನಿ ಚಾಟಿಚಾಯ್ ಚೂನ್‌ಹವಾನ್ ಸರ್ಕಾರ 1989ರ ಜನವರಿಯಲ್ಲಿ ದೇಶದ ನೈಸರ್ಗಿಕ ಕಾಡುಗಳಲ್ಲಿ ಮರ ಕಡಿಯುವುದನ್ನೇ ನಿಲ್ಲಿಸಿತು.

ಒಳ್ಳೆಯ ಆದೇಶ, ಇದಕ್ಕೆ ಎರಡು ಮಾತಿಲ್ಲ. ಆದರೆ ಆ ಆದೇಶದಿಂದ ರಾತ್ರೋರಾತ್ರಿ ಕೆಲಸ ಕಳೆದುಕೊಂಡವರಲ್ಲಿ ಸಾವಿರಾರು ಆನೆಗಳೂ ಇದ್ದವು ಎಂಬುದು ಯಾರ ತಲೆಗೂ ಬಂದಂತಿಲ್ಲ. ಬರುವ ಕಾರಣವೂ ಇರಲಿಲ್ಲ. 1939ರ ಕಾಯ್ದೆಯೊಂದರ ಪ್ರಕಾರ ಸಾಕಾನೆ ಅಲ್ಲಿ ಎತ್ತು, ಎಮ್ಮೆ, ಕುದುರೆಗಳ ಸಾಲಿನ ದುಡಿಮೆಯ ಜಾನುವಾರು. ಅದು ಸಾಕಿದವನ ಸ್ವತ್ತು, ಸಾಕುವುದು ಅವನ ಪಾಡು. ಎತ್ತಿಗೆ ಕೆಲಸವಿಲ್ಲದಿದ್ದರೆ ಸಂತೆಗೆ ಹೊಡೆಯಬಹುದು. ಆನೆಯನ್ನು ಕೊಳ್ಳುವವರು ಯಾರು?

ಆಮೇಲಿನದು ತೊಂಬತ್ತರ ದಶಕದ ಕಥೆ. ಕೆಲವರು ಬರ್ಮಾ ಗಡಿಯ ಕಳ್ಳ ನಾಟಾಕ್ಕೆ ಹೋದರು. ಗಡಿಯಲ್ಲಿ ನೆಲಬಾಂಬುಗಳಿದ್ದವು, 1999ರಲ್ಲಿ ಮೊತಾಲಾ ಎಂಬ ಹೆಣ್ಣಾನೆ ಒಂದನ್ನು ತುಳಿದು ಮುಂಗಾಲು ಕಳೆದುಕೊಂಡಿತು. ಲಂಪಾಂಗ್‌ನಲ್ಲಿ ಸೊರೈದಾ ಸಲ್ವಾಲಾ ಕಟ್ಟಿದ ಆನೆ ಆಸ್ಪತ್ರೆಯಲ್ಲಿ ಹತ್ತು ವರ್ಷದ ಮೇಲೆ ಅದಕ್ಕೆ ಕೃತಕ ಕಾಲು ಜೋಡಿಸಿದರು. ಇನ್ನು ಕೆಲವರು ಆನೆ ಹೊಡೆದುಕೊಂಡು ಬ್ಯಾಂಕಾಕಿಗೆ ಬಂದರು. ರಾತ್ರಿ ಹೊತ್ತು ಹೋಟೆಲು, ಬಾರುಗಳ ಬೀದಿಯಲ್ಲಿ ಆನೆ ನಿಲ್ಲಿಸಿ, ಅದಕ್ಕೆ ತಿನ್ನಿಸಲು ಬಾಳೆಹಣ್ಣು, ಕಬ್ಬಿನ ತುಂಡನ್ನು ಅಲ್ಲಿದ್ದವರಿಗೇ ಮಾರುವುದು. ಹಿಂದಿನಿಂದ ವಾಹನ ಗುದ್ದದಿರಲೆಂದು ಬಾಲಕ್ಕೆ ಕೆಂಪು ದೀಪ. ನಗರಪಾಲಿಕೆ ಓಡಿಸುವುದು, ಅವರು ಮರಳುವುದು ವರ್ಷಗಟ್ಟಲೆ ನಡೆಯಿತು. 2010ರಲ್ಲಿ ಆನೆಗೆ ಹಣ್ಣು ಕೊಂಡು ತಿನ್ನಿಸುವವನಿಗೂ ದಂಡ ಎಂದ ಮೇಲೆ ಬೀದಿಯ ಆನೆ ಕಡಿಮೆಯಾಯಿತು.

ಈ ಭಿಕ್ಷೆಯಿಂದ ಆನೆಗಳನ್ನು ಎತ್ತಿದ್ದು ಪ್ರವಾಸೋದ್ಯಮ, ಅದನ್ನು ಒಪ್ಪಿಕೊಳ್ಳಬೇಕು. ಶಿಬಿರಗಳು ಹೆಚ್ಚಿದವು. ಆನೆ ಸವಾರಿ, ಚೆಂಡಾಟ, ಚಿತ್ರ ಬರೆಯುವ ಆನೆ. ಲಂಪಾಂಗ್‌ನಲ್ಲಿ ವಾದ್ಯ ನುಡಿಸುವ ಆನೆಗಳ ತಂಡವೇ ಹುಟ್ಟಿತು. ಆಮೇಲೆ ಪಾಶ್ಚಾತ್ಯ ಪ್ರವಾಸಿಗರಿಗೆ ಸವಾರಿ ಪಾಪವೆನಿಸಿತು. ಲೆಕ್ ಚೈಲೆರ್ಟ್ ಎಂಬ ಹೆಣ್ಣುಮಗಳ ಆನೆಧಾಮದ ಮಾದರಿಯಲ್ಲಿ ಸ್ನಾನ ಮಾಡಿಸುವ, ಮೇವು ಕೊಡುವ ಧಾಮಗಳು ಬಂದವು. ಸವಾರಿ ಸರಿಯೋ ಸ್ನಾನ ಸರಿಯೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಎರಡೂ ಕಡೆಯವರ ಆನೆಗೆ ಮೇವು ಬರುತ್ತಿದ್ದುದು ಮಾತ್ರ ಒಂದೇ ವಿಮಾನ ನಿಲ್ದಾಣದಿಂದ. ಅನೇಕ ಆನೆಗಳು ಶಿಬಿರದವರದ್ದಲ್ಲ, ಬೆಟ್ಟದ ಕರೆನ್ ಮನೆಗಳಿಂದ ಬಾಡಿಗೆಗೆ ಬಂದವು.

2019ರಲ್ಲಿ ಥಾಯ್ಲೆಂಡಿಗೆ ಬಂದ ಪರದೇಶದ ಪ್ರವಾಸಿಗರು ಸುಮಾರು 4 ಕೋಟಿ. ಅವರಲ್ಲಿ ಚೀನಿಯರೇ ಒಂದು ಕೋಟಿಗೂ ಹೆಚ್ಚು. ಚೀನಾದ ಹೊರಗೆ ಮೊದಲ ಕೊರೊನಾ ಪ್ರಕರಣ ಪತ್ತೆಯಾದದ್ದೂ ಅಲ್ಲೇ, 2020ರ ಜನವರಿ 13ರಂದು. ಮಾರ್ಚ್ ಕೊನೆಗೆ ತುರ್ತುಸ್ಥಿತಿ, ಏಪ್ರಿಲ್ ಮೊದಲ ವಾರಕ್ಕೆ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನ ಬಂದ್. ಆ ವರ್ಷ ಬಂದವರು 67 ಲಕ್ಷ, ಬಹುತೇಕ ಎಲ್ಲರೂ ಬಾಗಿಲು ಮುಚ್ಚುವ ಮೊದಲೇ ಬಂದವರು. ಮರುವರ್ಷ ಐದು ಲಕ್ಷವೂ ಇಲ್ಲ. ದೇಶದ ಆರ್ಥಿಕತೆ 2020ರಲ್ಲಿ ಶೇ 6ರಷ್ಟು ಕುಗ್ಗಿತು. ಮ್ಯಾ ಸಾ ಶಿಬಿರ ಮಾರ್ಚಿನಲ್ಲೇ ತನ್ನ 78 ಆನೆಗಳ ಬೆನ್ನಿಂದ ಕುರ್ಚಿ ಇಳಿಸಿತು, ನಲವತ್ತನಾಲ್ಕು ವರ್ಷದ ಮೇಲೆ.

ಸರ್ಕಾರ ಅಸಂಘಟಿತ ಕೆಲಸಗಾರರಿಗೆ ತಿಂಗಳಿಗೆ 5,000 ಬಾತ್‌ನಂತೆ ಮೂರು ತಿಂಗಳು ಪರಿಹಾರ ಕೊಟ್ಟಿತು. ಒಟ್ಟು 15,000. ಒಂದು ಆನೆಯ ಹದಿನೈದು ದಿನದ ಖರ್ಚು. ಬೆಟ್ಟದ ಜನರಲ್ಲಿ ಪೌರತ್ವದ ಕಾಗದವೇ ಇಲ್ಲದವರೂ ಇದ್ದಾರೆ. ಅವರು ಅರ್ಜಿಯನ್ನೇ ಹಾಕುವಂತಿರಲಿಲ್ಲ.

ಹಾಗಾಗಿ ನಡಿಗೆ. ನಮ್ಮಲ್ಲಿ ದಸರೆಗೆ ಕಾಡಿನ ಶಿಬಿರಗಳಿಂದ ಮೈಸೂರಿಗೆ ಗಜಪಯಣ ಹೊರಡುತ್ತದಲ್ಲ, ಇದು ಅದರ ತಿರುಗುಮುರುಗು. ಆದರೆ ದುಬಾರೆ, ಮತ್ತಿಗೋಡಿನ ಆನೆ ಅರಣ್ಯ ಇಲಾಖೆಯ ಆನೆ. 2020ರಲ್ಲಿ ದಸರೆ ಅರಮನೆ ಅಂಗಳಕ್ಕೆ ಇಳಿಯಿತು, ಐದೇ ಆನೆ ಬಂದವು, ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತ. ಜನಸಂದಣಿ ಇರಲಿಲ್ಲ, ಆದರೆ ಭತ್ತ ಬೆಲ್ಲದ ಕುಸುರೆ ತಪ್ಪಲಿಲ್ಲ. ಮಾವುತ, ಕಾವಾಡಿಗಳಿಗೆ ಅವರದ್ದೇ ಕಷ್ಟಗಳಿವೆ, ಸಂಬಳದ ಹಳೆಯ ಬೇಡಿಕೆಗಳಿವೆ. ಆದರೂ ಆನೆಯ ಹೊಟ್ಟೆಗೆ ಅವರು ಸ್ವಂತ ಸಾಲ ಮಾಡಬೇಕಿಲ್ಲ.

ಇನ್ನು ಆ ಹನ್ನೊಂದು ಆನೆಗಳು ಹೋದ ಮ್ಯಾ ಚೆಮ್. ಊರು ಸೇರಿದರೆ ಕಾಡು ಸಿಕ್ಕೀತು ಎಂದು ವಿಡಿಯೋ ನೋಡಿದವರು ಅಂದುಕೊಂಡರು. ಆದರೆ ಆ ಸೀಮೆ ಮೆಕ್ಕೆಜೋಳಕ್ಕೆ ಹೆಸರಾದದ್ದು. ಕೋಳಿ ಹಂದಿಗಳ ಆಹಾರಕ್ಕೆಂದು ಬೋಳು ಗುಡ್ಡದ ಮೇಲೆಲ್ಲ ಜೋಳ. ಅದೇ ಮಾರ್ಚ್ ಏಪ್ರಿಲಿನಲ್ಲಿ ಚಿಯಾಂಗ್ ಮಾಯ್ ಸುತ್ತ ಕಾಡಿಗೆ ಬೆಂಕಿ ಬಿದ್ದು ನಗರ ಹೊಗೆಯಲ್ಲಿ ಮುಳುಗಿತ್ತು. ಮೂವತ್ತು ವರ್ಷದ ಹಿಂದೆ ತೇಗ ಎಳೆಯುತ್ತಿದ್ದ ಆನೆ ಬಿಟ್ಟುಹೋದ ಕಾಡು ಅದಲ್ಲ. ಬಿಟ್ಟರೆ ಪಕ್ಕದವನ ಹೊಲಕ್ಕೆ ನುಗ್ಗುವ ಆನೆಯನ್ನು ಕಾಯಬೇಕು, ಇಲ್ಲವೇ ಸರಪಳಿ ಹಾಕಿ ಮೇವು ಹೊತ್ತು ತರಬೇಕು.

ಸುರಿನ್‌ನ ಕುಯಿ ಹಳ್ಳಿಗಳಿಗೂ ಪಟ್ಟಾಯ, ಫುಕೆಟ್ ಕಡೆಯ ಆನೆಗಳು ಮರಳಿದವು, ಹೆಚ್ಚಿನವು ಲಾರಿಯಲ್ಲಿ. ಅಲ್ಲಿನ ಹುಡುಗರು ಒಂದು ಉಪಾಯ ಕಂಡುಕೊಂಡರು. ಕೋಲಿಗೆ ಫೋನ್ ಕಟ್ಟಿ ಆನೆಯ ಮುಂದೆ ಲೈವ್ ಹೋದರು. ನೋಡುವವರು ದೂರದಿಂದಲೇ ದುಡ್ಡು ಕಳಿಸಿದರೆ ಆನೆಗೆ ಬಾಳೆಹಣ್ಣು ತಿನ್ನಿಸಿ ತೋರಿಸುವುದು. ಕೆಲವರ ಆನೆಗಳು ಸೊಂಡಿಲೆತ್ತಿ ನಮಸ್ಕರಿಸಿದವು, ಕುಣಿದವು. ಪ್ರಾಣಿದಯೆಯವರು ಆಕ್ಷೇಪಿಸಿದರು. ಬ್ಯಾಂಕಾಕಿನ ಬೀದಿಯ ವ್ಯಾಪಾರವೇ ಅದು, ದಂಡ ಹಾಕಲು ನಗರಪಾಲಿಕೆ ಇಲ್ಲದ ಬೀದಿ. 2021ರ ಜುಲೈ 1ಕ್ಕೆ ಲಸಿಕೆ ಹಾಕಿಸಿಕೊಂಡವರಿಗೆ ಫುಕೆಟ್ ದ್ವೀಪ ತೆರೆಯಿತು, ನವೆಂಬರಿಗೆ ದೇಶ ತೆರೆಯಿತು, 2022ರಲ್ಲಿ ಒಂದು ಕೋಟಿ ಹತ್ತು ಲಕ್ಷ ಮಂದಿ ಬಂದರು. ಬೆಟ್ಟದ ಮನೆಗಳು ಮತ್ತೆ ಆನೆಗಳನ್ನು ಶಿಬಿರಕ್ಕೆ ಬಾಡಿಗೆಗೆ ಇಳಿಸಿದವು.