ಹತ್ತಿ ಹೊಲದ ಪ್ರಯೋಗ, ಮಗ್ಗದ ಮನೆಯ ಲೆಕ್ಕ

1972ರಲ್ಲಿ ಧಾರವಾಡದಿಂದ ‘ವರಲಕ್ಷ್ಮಿ’ ಎಂಬ ಹತ್ತಿ ತಳಿ ಹೊರಬಂತು. ಎರಡು ಬೇರೆ ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೇಸಾಯಕ್ಕೆ ಬಿಟ್ಟ ಜಗತ್ತಿನ ಮೊದಲ ಹೈಬ್ರಿಡ್ ಅದು. ಅದನ್ನು ರೂಪಿಸಿದವರು ವಿಜ್ಞಾನಿ ಬಿ.ಎಚ್. ಕಾತರಕಿ. ವರಲಕ್ಷ್ಮಿಯ ತಾಯಿ ‘ಲಕ್ಷ್ಮಿ’ ಎಂಬ ತಳಿ. ಆ ಲಕ್ಷ್ಮಿಯ ಹೆತ್ತವರಲ್ಲಿ ಒಂದರ ಹೆಸರು ‘ಗದಗ-1’. ಒಂದು ಊರಿನ ಹೆಸರು ಹೀಗೆ ಜಗತ್ತಿನ ಹತ್ತಿಯ ವಂಶಾವಳಿಯೊಳಗೆ ಸೇರಿಕೊಂಡಿದೆ. ಗದಗ-ಬೆಟಗೇರಿಯ ಎಷ್ಟು ಜನರಿಗೆ ಇದು ಗೊತ್ತೋ ಏನೋ.

ಕತೆ ಶುರುವಾಗುವುದು 1840ರ ದಶಕದಲ್ಲಿ. ಮ್ಯಾಂಚೆಸ್ಟರ್ ಗಿರಣಿಗಳಿಗೆ ಉದ್ದ ಎಳೆಯ ಅರಳೆ ಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಯುವವರನ್ನು ಕರೆಸಿತು, ನ್ಯೂ ಆರ್ಲಿಯನ್ಸ್ ಬೀಜ ತರಿಸಿತು. ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಎದ್ದಿತು. ದೇಶದ ಎಷ್ಟೋ ಕಡೆ ಸೋತ ಆ ಬೀಜ ಧಾರವಾಡ, ಗದಗ ಸೀಮೆಯ ಎರಿ ಭೂಮಿಗೆ ಒಗ್ಗಿ ‘ಧಾರವಾಡ-ಅಮೆರಿಕನ್’ ಎನಿಸಿಕೊಂಡಿತು. ಆದರೆ ವರ್ಷ ಕಳೆದಂತೆ ಹೊಲದಲ್ಲೂ ಜಿನ್ನಿನಲ್ಲೂ ಬೀಜ ಬೆರಕೆಯಾಯಿತು. ವ್ಯಾಪಾರಸ್ಥರ ಬೆರಕೆಯನ್ನು ತಡೆಯಲು ಮುಂಬೈ ಸರ್ಕಾರ 1863ರಲ್ಲಿ ಕಾನೂನನ್ನೇ ತಂದಿತು. ಹೊಲದೊಳಗಿನ ಬೆರಕೆಗೆ ಕಾನೂನು ಏನೂ ಮಾಡುವಂತಿರಲಿಲ್ಲ.

ಅದಕ್ಕೆ ಬೇಕಾಗಿದ್ದು ತಾಳ್ಮೆಯ ಆಯ್ಕೆ. ಬೆರಕೆ ಹೊಲದಲ್ಲಿ ಚಲೋ ಕಂಡ ಒಂದೊಂದೇ ಗಿಡ ಗುರುತು ಮಾಡುವುದು, ಅದರ ಬೀಜವನ್ನು ಪ್ರತ್ಯೇಕ ಸಾಲಿನಲ್ಲಿ ಬಿತ್ತುವುದು, ಪಕ್ಕದಲ್ಲೇ ರೂಢಿಯ ಬೀಜವನ್ನೂ ಬಿತ್ತುವುದು. ಅರಳೆ ಎಷ್ಟು ಬಂತು, ಎಳೆ ಎಷ್ಟುದ್ದ, ರೋಗ ತಗುಲಿತೋ ಇಲ್ಲವೋ ಎಂದು ಬರೆದಿಡುವುದು, ಮರುವರ್ಷ ಮತ್ತೆ ಅದನ್ನೇ ಮಾಡುವುದು. 20ನೇ ಶತಮಾನದ ಆರಂಭದ ದಶಕಗಳಲ್ಲಿ ಧಾರವಾಡ ಭಾಗದಲ್ಲಿ ಹತ್ತಿ ತಳಿಗಳ ಸುಧಾರಣೆಗೆ ದುಡಿದವರಲ್ಲಿ ಜಿ.ಎಲ್. ಕೊಟ್ಟೂರ ಪ್ರಮುಖರು. ಧಾರವಾಡ-ಅಮೆರಿಕನ್ ರಾಶಿಯೊಳಗಿಂದ ಹೀಗೆ ಆರಿಸಿ ತೆಗೆದದ್ದೇ ಗದಗ-1. ಅದನ್ನು ಕಾಂಬೋಡಿಯಾ ಹತ್ತಿಯೊಂದಿಗೆ ಕೂಡಿಸಿದಾಗ ಲಕ್ಷ್ಮಿ ಬಂತು.

ಹೈಬ್ರಿಡ್ ಬೀಜ ಮಾಡುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮಧ್ಯಾಹ್ನದ ಮೇಲೆ, ನಾಳೆ ಅರಳಲಿರುವ ಮೊಗ್ಗನ್ನೇ ಆರಿಸಿ, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಕೇಸರವನ್ನೂ ಸುಲಿದು ತೆಗೆಯುತ್ತಾರೆ. ನಡುವಿನ ಶಲಾಕೆಗೆ ಪೆಟ್ಟಾಗಬಾರದು. ಮೇಲೆ ಕಾಗದದ ಹೊದಿಕೆ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂ ತಂದು ಪರಾಗ ಒರೆಸಿ, ಗುರುತಿಗೆ ದಾರ ಕಟ್ಟುತ್ತಾರೆ. ಒಂದೊಂದು ಹೂವಿಗೂ ಇಷ್ಟು ಕೆಲಸ. ಹೆಚ್ಚಾಗಿ ಇದನ್ನು ಮಾಡುವವರು ಹೆಣ್ಣುಮಕ್ಕಳು. ಯಾವ ಮೊಗ್ಗು ನಾಳೆ ಅರಳುತ್ತದೆ ಎಂದು ನೋಡಿದ ಕೂಡಲೇ ಹೇಳುವ ಅವರ ಕಣ್ಣಿಲ್ಲದೆ ಪ್ರಯೋಗಾಲಯದ ಜಾಣ್ಮೆ ಹೊಲಕ್ಕೆ ಇಳಿಯುತ್ತಿರಲಿಲ್ಲ.

ಇದೆಲ್ಲ ಬೇಸಾಯದ ಮಾತಾಯಿತು, ಅಂಗಡಿಗೂ ಕಾರ್ಖಾನೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಬಹಳ ಗಟ್ಟಿಯಾದದ್ದು. ಇಂದು ಜಗತ್ತಿನ ದೊಡ್ಡ ಕಂಪನಿಗಳು ಉತ್ಪಾದನೆ ಸುಧಾರಿಸಲು ಬಳಸುವ ಪ್ರಯೋಗದ ವಿಧಾನ ಬೆಳೆದದ್ದು ಹೊಲದಲ್ಲೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಒಂದು ಸರಳ ತೊಡಕನ್ನು ಬಿಡಿಸಿದರು. ಹೊಲ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ, ಇನ್ನೊಂದು ಮೂಲೆ ಬರಡು. ಹೊಸ ಬೀಜವನ್ನೆಲ್ಲ ಚಲೋ ಮೂಲೆಗೆ ಬಿತ್ತಿದರೆ ನೆಲದ ಗುಣವನ್ನು ಬೀಜದ ಗುಣವೆಂದು ತಿಳಿದುಬಿಡುತ್ತೇವೆ. ಆದ್ದರಿಂದ ಹೊಲವನ್ನು ತುಂಡು ಮಾಡಿ, ಯಾವ ತುಂಡಿಗೆ ಯಾವ ಬೀಜ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ ಎಂದರು ಫಿಶರ್. ಅವರ ವಿಧಾನ ಕಾರ್ಖಾನೆಗೂ ಹೋಯಿತು. ಜಪಾನಿನ ಗೆನಿಚಿ ತಾಗುಚಿ ಅದನ್ನು ಉದ್ಯಮಕ್ಕೆ ತಕ್ಕಂತೆ ಬೆಳೆಸಿದರು. 1950ರ ದಶಕದ ಮಧ್ಯದಲ್ಲಿ ಅವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೂ ಬಂದಿದ್ದರು.

ಫಿಶರ್‌ಗಿಂತ ಮೊದಲೇ ಅಮೆರಿಕದ ಫ್ರೆಡರಿಕ್ ಟೇಲರ್ ಕೆಲಸವನ್ನು ಅಳೆಯಲು ಹೊರಟಿದ್ದರು. ಉಕ್ಕಿನ ಕಾರ್ಖಾನೆಯಲ್ಲಿ ಸಲಿಕೆಗೆ ಸುಮಾರು 21 ಪೌಂಡ್ ಭಾರ ಬಿದ್ದರೆ ದಿನದ ಕೊನೆಗೆ ಅತಿ ಹೆಚ್ಚು ಕೆಲಸ ಆಗುತ್ತದೆಂದು ಅವರು ಕಂಡುಕೊಂಡರು. 1911ರಲ್ಲಿ ಇಂಥ ಅಳತೆಗಳನ್ನು ವಿವರಿಸುವ ಅವರ ಪುಸ್ತಕವೂ ಬಂತು. ಆದರೆ ಯೋಚಿಸುವವರು ಮೇಲಿನವರು, ದುಡಿಯುವವರು ಹೇಳಿದಷ್ಟು ಮಾಡಬೇಕು ಎಂಬುದು ಅವರ ನಿಲುವಾಗಿತ್ತು. ಅದು ತಪ್ಪು. ಮೊಗ್ಗು ಸುಲಿಯುವ ಹೆಣ್ಣುಮಗಳಿಗೆ ಗೊತ್ತಿರುವುದು ಮೇಸ್ತ್ರಿಗೆ ಗೊತ್ತಿರುವುದಿಲ್ಲ.

ಬೆಟಗೇರಿಯ ಮಗ್ಗದ ಮನೆಗೆ ಬರೋಣ. ನೂಲು ಮೇಲಿಂದ ಮೇಲೆ ಹರಿಯುತ್ತದೆ, ಅಷ್ಟು ಹೊತ್ತು ಮಗ್ಗ ನಿಲ್ಲುತ್ತದೆ. ನೂಲು ಸರಿಯಿಲ್ಲ ಎನ್ನುತ್ತಾರೆ ಒಬ್ಬರು, ಗಂಜಿ ಸರಿಯಿಲ್ಲ ಎನ್ನುತ್ತಾರೆ ಇನ್ನೊಬ್ಬರು, ಬಿಸಿಲಿಗೆ ಹೀಗೇ ಎನ್ನುತ್ತಾರೆ ಮತ್ತೊಬ್ಬರು. ಮೂರೂ ಖರೆ ಇರಬಹುದು. ಗೋಡೆಗೆ ಒಂದು ಹಾಳೆ ಅಂಟಿಸಿ, ಎಳೆ ಹರಿದಾಗಲೆಲ್ಲ ಯಾವ ಮಗ್ಗ, ಎಷ್ಟು ಹೊತ್ತಿಗೆ, ಹಾಸೋ ಹೊಕ್ಕೋ, ಯಾವ ಗಂಟಿನ ನೂಲು ಎಂದು ಗೀಟು ಹಾಕುತ್ತ ಹೋದರೆ ಕೆಲವೇ ವಾರಗಳಲ್ಲಿ ಜಗಳ ಅರ್ಧ ಬಗೆಹರಿಯುತ್ತದೆ. ಗೀಟುಗಳೆಲ್ಲ ಮಧ್ಯಾಹ್ನದ ಹೊತ್ತಿಗೇ ಬಿದ್ದಿದ್ದರೆ ಒಣಗಾಳಿಯ ಮೇಲೆ ಸಂಶಯ ಬರಬೇಕು. ಆಗ ಬೇರೆ ಗಂಜಿ ಹಾಕಿದರೆ ಎಳೆ ಆ ಒಣಗಾಳಿಯನ್ನು ತಾಳುತ್ತದೋ ಎಂದು ತಿಳಿಯಲು, ಚೀಟಿ ಎತ್ತಿ ಅರ್ಧ ಮಗ್ಗಗಳನ್ನು ಆರಿಸಿ ಅವುಗಳ ಗಂಜಿ ಮಾತ್ರ ಬದಲಿಸಿ, ಉಳಿದ ಅರ್ಧವನ್ನು ಹಾಗೆಯೇ ಬಿಟ್ಟು ನೋಡಬೇಕು. ಗಂಜಿ, ನೂಲು, ವೇಗ ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಯಾರೂ ಹೇಳಲಾರರು.

ಮುದ್ರಣ ಕಾಶಿ ಎನಿಸಿಕೊಂಡ ಗದಗಿನ ಪ್ರೆಸ್ಸುಗಳಲ್ಲಿ ಹಾಳಾಗುವ ಕಾಗದಕ್ಕೂ, ಲಕ್ಷ್ಮೇಶ್ವರದ ಕಿರಾಣಿ ಅಂಗಡಿಯಲ್ಲಿ ಮಾರಾಟವಾಗದೆ ಉಳಿಯುವ ಸಾಮಾನಿಗೂ ಇದೇ ಹಾದಿ. ಖರ್ಚೆಂದರೆ ಒಂದು ವಹಿ, ಒಂದು ಪೆನ್ನು. ಕಷ್ಟದ್ದು ಅಂದಂದಿನದನ್ನು ಅಂದಂದೇ ಬರೆಯುವುದು, ಮತ್ತು ತನ್ನ ಊಹೆ ಸುಳ್ಳಾದಾಗ ಅದನ್ನೂ ಬರೆಯುವುದು.

ಮುಂಡರಗಿ, ಶಿರಹಟ್ಟಿಯ ರೈತರಿಗೆ ನೆರವು ಹತ್ತಿರದಲ್ಲೇ ಇದೆ. ಗದಗ ತಾಲ್ಲೂಕಿನ ಹುಲಕೋಟಿಯ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರಕ್ಕೆ ವಹಿಸಿದ ಕೆಲಸಗಳಲ್ಲಿ ಒಂದು, ಹೊಸ ಪದ್ಧತಿಯನ್ನು ರೈತರ ಹೊಲದಲ್ಲೇ ಅವರ ರೂಢಿಯ ಪದ್ಧತಿಯ ಪಕ್ಕದಲ್ಲಿಟ್ಟು ಪರೀಕ್ಷಿಸುವುದು. ಬರುವ ಮುಂಗಾರಿಗೆ ಹೊಸ ಹೆಸರುಕಾಳಿನ ತಳಿಯನ್ನೋ ಹತ್ತಿ ಬೀಜವನ್ನೋ ತರುವವರು ಇಡೀ ಹೊಲಕ್ಕೆ ಸುರಿಯಬೇಡಿ. ನಾಲ್ಕಾರು ಕಡೆ ಪಟ್ಟಿ ಮಾಡಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಬಿತ್ತಿ, ರಾಶಿಯನ್ನು ಬೇರೆ ಬೇರೆ ತೂಗಿ, ಖರ್ಚಿನ ಸಮೇತ ಬರೆದಿಟ್ಟುಕೊಳ್ಳಿ. ಆ ವಹಿಯನ್ನು ಮುಂದಿನ ವರ್ಷ ಬೀಜ ಕೊಳ್ಳುವ ಮುನ್ನ ತೆಗೆದು ನೋಡಿ.